ಹಿರಿಯರ ವ್ಯಾಯಾಮಕ್ಕೆ ಊರಲ್ಲೇ ಒಂದು ಜಾಗ
(ಸಂಘದ ವಾರ್ಷಿಕ ಸಭೆಯಲ್ಲಿ ನಗರಗೆರೆಯ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷವೂ ಇಲ್ಲಿ ನಾವು ಮಕ್ಕಳ ವಿದ್ಯೆಯ ಬಗ್ಗೆ ಮಾತನಾಡುತ್ತೇವೆ. ಈ ಸಲ ಆ ಮಕ್ಕಳನ್ನು ಕೈಹಿಡಿದು ಶಾಲೆಗೆ ಬಿಟ್ಟುಬಂದ ದಾದಾ-ದಾದಿ, ನಾನಾ-ನಾನಿಯರ ಬಗ್ಗೆ ನಾಲ್ಕು ಮಾತು ಹೇಳಲು ಅನುಮತಿ ಕೇಳಿದ್ದೇನೆ.

ಐದು ವರ್ಷಗಳ ಹಿಂದೆ ನಮ್ಮ ಅಮ್ಮಿ ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆಯೂ ಕೂಡಿತು. ಆದರೆ ಮೂರು ತಿಂಗಳು ಮಲಗಿದ ಕಾಲುಗಳಲ್ಲಿ ಶಕ್ತಿ ಉಳಿದಿರಲಿಲ್ಲ. "ದಿನವೂ ವ್ಯಾಯಾಮ ಮಾಡಿಸಿ" ಎಂದರು ವೈದ್ಯರು. ಎಲ್ಲಿ, ಯಾರಿಂದ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಪೇಟೆಯಲ್ಲಿ ಒಂದು ಕಡೆ ವಿಚಾರಿಸಿದೆ. ಬೆಳಿಗ್ಗೆ 6 ಗಂಟೆಗೆ ತರಗತಿ, ಎಲ್ಲವೂ ನೆಲದ ಮೇಲೆ ಕೂತು ಮಾಡುವಂಥದ್ದು, ಗಂಡಸರು ಹೆಂಗಸರು ಒಟ್ಟಿಗೆ. ನಗರಗೆರೆಯಿಂದ ಆ ಹೊತ್ತಿಗೆ ಅಮ್ಮಿಯನ್ನು ಕರೆದೊಯ್ಯುವುದು ಹೇಗೆ? ಆಗುವುದಿಲ್ಲವೆಂದು ಸುಮ್ಮನಾದೆ. ಈಗ ಅಮ್ಮಿ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ, ಪಕ್ಕದ ಮನೆಗೆ ಹೋಗಲಾರರು. ಸುಮ್ಮನಾದ ಆ ದಿನಗಳ ನೆನಪು ನನ್ನನ್ನು ಈಗಲೂ ಕಾಡುತ್ತದೆ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದೇ ಈ ಮಾತು.

"ಜೀವಮಾನವೆಲ್ಲ ದುಡಿದ ಮೈಗೆ ಇನ್ನೇನು ವ್ಯಾಯಾಮ?" ಎಂದು ಹಲವರು ಕೇಳುತ್ತಾರೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವವರನ್ನೇ ನೋಡಿ. ಬಿಸಿನೀರಿನ ಮುಂದೆ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ದುಡಿಯುತ್ತಾರೆ. ಕೈ ದಣಿಯುತ್ತದೆ, ಬೆನ್ನು ನೋಯುತ್ತದೆ. ಆದರೆ ತೊಡೆಗಳಿಗೆ ಬಲ ಬರುವುದಿಲ್ಲ, ಬೀಳದಂತೆ ನಿಲ್ಲುವ ಅಭ್ಯಾಸವೂ ಆಗುವುದಿಲ್ಲ. ಕೆಲಸ ನಿಂತ ಮೇಲಂತೂ ಇದ್ದ ಓಡಾಟವೂ ನಿಲ್ಲುತ್ತದೆ. ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಹುಡುಗರಾಗಿದ್ದಾಗ ಓದಲು ಬೆಂಗಳೂರಿಗೆ ನಡೆದೇ ಹೋದವರು. ಈಗ ಮಸೀದಿಗೂ ಅಂಗಡಿಗೂ ನಾವು ಬೈಕಿನಲ್ಲಿ ಹೋಗುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು. ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸವೂ ಇರಬೇಕು. ಸಾಧಾರಣ ಶ್ರಮವೆಂದರೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ವಯಸ್ಸು ಮೀರಿತು ಎನ್ನುವವರಿಗೆ ಇನ್ನೊಂದು ಮಾತು. 1990ರಲ್ಲಿ ಬಾಸ್ಟನ್ನಿನ ಸಂಶೋಧಕರು ವೃದ್ಧಾಶ್ರಮವೊಂದರಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಕೊನೆಯವರೆಗೆ ಮಾಡಿದವರ ಕಾಲಿನ ಬಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು.

ಹಾಗಾದರೆ ತರಗತಿ ಎಲ್ಲಿ ಹುಡುಕಬೇಕು? ಮೊದಲು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ. 2018ರಿಂದ ಆರಂಭವಾದ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಕರೆಯುವ ಕೇಂದ್ರಗಳ ಕೆಲಸದಲ್ಲಿ ಯೋಗ, ವ್ಯಾಯಾಮಗಳೂ ಸೇರಿವೆ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ಮೂಳೆ ಮುರಿದವರು, ಪಾರ್ಶ್ವವಾಯು ಆದವರು ಮೊದಲು ಫಿಸಿಯೋಥೆರಪಿಗೆ ಹೋಗಬೇಕು. ಅದಕ್ಕೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬೇಕು. ಹಿರಿಯರಿಗಾಗಿಯೇ ಇರುವ 14567 ಎಂಬ ಉಚಿತ ಸಹಾಯವಾಣಿಯಲ್ಲೂ ಮಾಹಿತಿ ಕೇಳಬಹುದು.

ತರಗತಿ ಸಿಕ್ಕರೆ ಸೇರುವ ಮುನ್ನ ಕೆಲವು ಪ್ರಶ್ನೆ ಕೇಳಿ. ಕುರ್ಚಿಯ ಮೇಲೆ ಕೂತು ಮಾಡಲು ಅವಕಾಶವಿದೆಯೆ? ಕಲಿಸುವವರು ಬಿಪಿ, ಸಕ್ಕರೆ ಕಾಯಿಲೆ, ಮಂಡಿನೋವುಗಳ ಬಗ್ಗೆ ಮೊದಲು ವಿಚಾರಿಸುತ್ತಾರೆಯೆ? ಹೆಂಗಸರಿಗೆ ಬೇರೆ ವೇಳೆ ಇದೆಯೆ? ಕಡೆಯ ಪ್ರಶ್ನೆಯನ್ನು ಕೇಳಲು ನಾಚಬೇಡಿ. ಅದನ್ನು ಕೇಳದೆಯೇ ನಮ್ಮ ಎಷ್ಟೋ ತಾಯಂದಿರು ಮನೆಯಲ್ಲಿ ಉಳಿದಿದ್ದಾರೆ.

ತರಗತಿ ಇಲ್ಲದಿದ್ದರೆ? ಇಲ್ಲಿ ನನ್ನದೊಂದು ವಿನಂತಿಯಿದೆ. ಭಾನುವಾರ ಶಾಲೆಯ ಕೋಣೆಗಳು ಖಾಲಿ ಇರುತ್ತವೆ. ಎಂಟು ಗಟ್ಟಿ ಕುರ್ಚಿ, ಜಾರದ ನೆಲ, ಹಿಡಿದು ನಿಲ್ಲಲು ಒಂದು ಗೋಡೆ, ಇಷ್ಟಿದ್ದರೆ ಸಾಕು. ಫಿಸಿಯೋಥೆರಪಿಸ್ಟ್ ಒಬ್ಬರನ್ನು ತಿಂಗಳಿಗೊಮ್ಮೆ ಕರೆಸಿ ಕಲಿತುಕೊಳ್ಳೋಣ. ಉಳಿದ ವಾರಗಳಲ್ಲಿ ನಮ್ಮ ಶಿಕ್ಷಕಿಯರೇ ಮಾಡಿಸಲಿ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ವಾರಕ್ಕೊಮ್ಮೆ ಕಲಿತದ್ದನ್ನು ಮನೆಯಲ್ಲಿ ದಿನವೂ ಮಾಡಬೇಕು. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಹೊತ್ತಿಗೆ ಮಾಡಬೇಕೆಂದು ವೈದ್ಯರನ್ನು ಕೇಳಬೇಕು. ರಂಜಾನ್ ತಿಂಗಳಲ್ಲಂತೂ ಕೇಳಲೇಬೇಕು.

ವಿದ್ಯಾರ್ಥಿಗಳೆ, ನಿಮಗೂ ಒಂದು ಕೆಲಸವಿದೆ. ನಿಮ್ಮ ಬೀದಿಯಲ್ಲಿ ಅರವತ್ತು ದಾಟಿದವರು ಎಷ್ಟು ಮಂದಿ, ಕಳೆದ ವರ್ಷ ಬಿದ್ದವರು ಎಷ್ಟು ಮಂದಿ ಎಂದು ಬರೆದುಕೊಂಡು ಬನ್ನಿ. ಜಾತಿ ಮತ ನೋಡಬೇಡಿ, ಎಲ್ಲ ಮನೆಗೂ ಹೋಗಿ. ಆ ಪಟ್ಟಿ ಕೈಯಲ್ಲಿದ್ದರೆ ಸಂಘ ಆರೋಗ್ಯ ಕೇಂದ್ರದವರ ಮುಂದೆ ನಿಂತು ಕೇಳಬಹುದು. ಬರಿಗೈಯಲ್ಲಿ ಹೋದರೆ "ನೋಡೋಣ" ಎಂಬ ಉತ್ತರ ಬರುತ್ತದೆ.

ಮೊದಲ ಭಾನುವಾರ ನಾನು ಅಮ್ಮಿಯನ್ನು ಆಟೋದಲ್ಲಿ ಕರೆತರುತ್ತೇನೆ. ಅವರು ಮೊದಲಿನಂತೆ ನಡೆಯಲಾರರು, ಅದು ನನಗೆ ಗೊತ್ತು. ಪಕ್ಕದ ಮನೆಯವರೆಗೆ ನಡೆದರೂ ಸಾಕು. ಆಟೋದಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ. ಬರುವವರು ಇಂದೇ ಹೆಸರು ಕೊಡಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.