ಮಕ್ಕಳ ರಂಗಗುರು ಮಂಡ್ಯ ರಮೇಶರು



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಿಗೆ ನಾಟಕವು ಹೊಸತಲ್ಲ. ಹಾರ್ಮೋನಿಯಂ ಮೇಷ್ಟರು ಊರಿನವರಿಗೇ ಪಾಠ ಹೇಳಿ ‘ಕುರುಕ್ಷೇತ್ರ’ವನ್ನು ಆಡಿಸುವ ವಾಡಿಕೆಯು ಇಂದಿಗೂ ಉಂಟು. ಹಗಲು ನೇಗಿಲು ಹಿಡಿದವನು ಇರುಳು ಗದೆಯನ್ನು ಹಿಡಿಯುವನು. ಮಕ್ಕಳಾದರೋ ಚಾಪೆ ಹಾಸಿ ಮುಂದೆ ಕುಳಿತು, ನೋಡುತ್ತ ನೋಡುತ್ತಲೇ ನಿದ್ದೆಹೋಗುವರು. ಆ ಮಕ್ಕಳನ್ನೇ ರಂಗದ ಮೇಲಕ್ಕೆ ಕರೆದ ಮಹನೀಯರಲ್ಲಿ ನಾಗಮಂಗಲದಲ್ಲಿ ಜನಿಸಿದ ಶ್ರೀ ಮಂಡ್ಯ ರಮೇಶರು ಒಬ್ಬರು.

ಶ್ರೀಯುತರು ಹೆಗ್ಗೋಡಿನ ನೀನಾಸಂ ಸಂಸ್ಥೆಯಲ್ಲಿ ರಂಗವಿದ್ಯೆಯನ್ನು ಕಲಿತು, ಬಿ. ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣವನ್ನು ಸೇರಿದರು. 1996ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಲನಚಿತ್ರದಲ್ಲಿಯೂ, ತರುವಾಯ ಕಿರುತೆರೆಯ ‘ಮಜಾ ಟಾಕೀಸ್’ ಕಾರ್ಯಕ್ರಮದಲ್ಲಿಯೂ ಅಭಿನಯಿಸಿ ಮನೆಮನೆಗೂ ಪರಿಚಿತರಾದರು. ಇಷ್ಟಾದ ಬಳಿಕ ಕೀರ್ತಿ ಕರೆದ ಕಡೆಗೇ ನಡೆದುಬಿಡುವುದು ಲೋಕರೂಢಿ. ಅವರು ಹಾಗೆ ಮಾಡದೆ, ಮೈಸೂರಿನ ರಾಮಕೃಷ್ಣನಗರದಲ್ಲಿ ‘ನಟನ’ ರಂಗಶಾಲೆಯನ್ನು ಬೆಳೆಸಿ, ಬೇಸಗೆಯ ರಜೆಯಲ್ಲಿ ‘ರಜಾ ಮಜಾ’ ಎಂಬ ಮಕ್ಕಳ ಶಿಬಿರವನ್ನು ನಡೆಸುತ್ತ ಬಂದರು. ಅಲ್ಲಿ ಮಕ್ಕಳು ಹಾಡು, ಕುಣಿತ, ಅಭಿನಯಗಳನ್ನು ಕಲಿತು ಕೊನೆಗೆ ತಾವೇ ನಾಟಕವಾಡುವರು.

ಇದರ ಬೆಲೆಯನ್ನು ತಿಳಿಯಬೇಕಾದರೆ ಕಿರುತೆರೆಯ ಕಡೆಗೂ ನೋಡಬೇಕು. 2016ರಲ್ಲಿ ಜೀ ಕನ್ನಡ ವಾಹಿನಿಯು ‘ಡ್ರಾಮಾ ಜೂನಿಯರ್ಸ್’ ಎಂಬ ಮಕ್ಕಳ ಅಭಿನಯಸ್ಪರ್ಧೆಯನ್ನು ಆರಂಭಿಸಿತು. ಒಂದು ಕಾಲಕ್ಕೆ ತಾವೇ ಬಾಲನಟರಾಗಿದ್ದ ಮಾಸ್ಟರ್ ಆನಂದರು ಅದರ ನಿರೂಪಕರಾಗಿ ಮಕ್ಕಳ ಪ್ರೀತಿಗೆ ಪಾತ್ರರಾದರು. ಹಳ್ಳಿಯ ಮಕ್ಕಳಿಗೂ ಅಲ್ಲಿ ಸ್ಥಾನ ದೊರೆತುದು ಸಂತೋಷದ ವಿಷಯವೇ ಸರಿ. ಆದರೆ ಸ್ಪರ್ಧೆಯ ಧರ್ಮವೇ ಬೇರೆ. ಕೆಲವರನ್ನು ಆರಿಸಿಕೊಂಡು ಅನೇಕರನ್ನು ಹಿಂದಕ್ಕೆ ಕಳುಹಿಸದೆ ಅದು ನಡೆಯದು. ಬಾಲಕಲಾವಿದರ ಹಿತಕ್ಕಾಗಿ ಸರ್ಕಾರವು 2017ರಲ್ಲಿ ನಿಯಮಗಳನ್ನು ಮಾಡಿದೆ. ದುಡಿಮೆಯು ದಿನಕ್ಕೆ 5 ಗಂಟೆಗಳನ್ನು ಮೀರಕೂಡದು; ವಿರಾಮವಿಲ್ಲದೆ 3 ಗಂಟೆಗಳನ್ನು ಮೀರಕೂಡದು; ಸಂಪಾದನೆಯಲ್ಲಿ ಶೇಕಡ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿಡಬೇಕು. ನಿಯಮವು ಮಗುವಿನ ಮೈಯನ್ನೂ ಹಣವನ್ನೂ ಕಾಯಬಲ್ಲುದು. ಆಯ್ಕೆಯಾಗದೆ ಮನೆಗೆ ಮರಳಿದ ಮಗುವಿನ ಮನಸ್ಸನ್ನು ಕಾಯುವವರು ಯಾರು?

ಶಿಬಿರದ ನಾಟಕದಲ್ಲಾದರೋ ಎಲ್ಲರಿಗೂ ಎಡೆಯುಂಟು. ರಾಜನಾಗುವವನು ಒಬ್ಬನಾದರೂ ಕಾಡಿನ ಮರಗಳಾಗಿ, ಊರಿನ ಜನರಾಗಿ, ಮೇಳದವರಾಗಿ ಉಳಿದವರೂ ಬೇಕು. ತೊದಲುವ ಮಗುವು ನಾಲ್ವರೊಡನೆ ಹಾಡುತ್ತ ಧೈರ್ಯವನ್ನು ಪಡೆಯುವುದು. ಮುಂದೆ ಅದು ನಟನಾಗದಿದ್ದರೂ ಚಿಂತೆಯಿಲ್ಲ. ಸಭೆಯಲ್ಲಿ ನಿಂತು ತನ್ನ ಮಾತನ್ನು ತಾನು ಆಡಬಲ್ಲುದು.

ಮೈಸೂರಿನ ಶಿಬಿರಕ್ಕೆ ಹೋಗಿಬರಲು ಅನುಕೂಲವಿರುವ ಮಕ್ಕಳು ಕೆಲವರೇ. ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಶಾಲೆಯೂ ವರ್ಷಕ್ಕೊಂದು ನಾಟಕವನ್ನು ಮಕ್ಕಳಿಂದ ಆಡಿಸಲಿ. ಹಿರಿಯರ ‘ಕುರುಕ್ಷೇತ್ರ’ಕ್ಕೆ ಪೆಂಡಾಲು ಹಾಕುವ ಊರವರು ಅದೇ ಪೆಂಡಾಲನ್ನು ಒಂದು ಸಂಜೆಯ ಮಟ್ಟಿಗೆ ಮಕ್ಕಳಿಗೂ ಬಿಟ್ಟುಕೊಡಲಿ. ಶ್ರೀಯುತರು ತೋರಿದ ದಾರಿಗೆ ಅವರ ಹುಟ್ಟೂರಿನ ಸೀಮೆಯು ಸಲ್ಲಿಸಬಹುದಾದ ಗೌರವವು ಇದೇ.