ಅವ್ವನ ರಿಪೋರ್ಟಿನಲ್ಲಿದ್ದ ಮೂರು ರಕ್ತನಾಳ

ನಾನು ಡಾಕ್ಟರಲ್ಲ. ಎಂ.ಟೆಕ್ ಮಾಡಿ, ಕುರಕುಂಭದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುವವಳು. ಹೃದಯದ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಒಂದೇ, ಒಂದು ಇಡೀ ರಾತ್ರಿ ನಿದ್ದೆಗೆಟ್ಟಿದ್ದು.

ವಿಜಯಪುರದಲ್ಲಿರುವ ನಮ್ಮ ಅವ್ವನಿಗೆ ಎದೆಬಡಿತ ತಾಳ ತಪ್ಪತೊಡಗಿತ್ತು. ಏಟ್ರಿಯಲ್ ಫಿಬ್ರಿಲೇಷನ್ ಎಂದರು. ಅಬ್ಲೇಷನ್ ಮಾಡುವ ಮೊದಲು ಸಿಟಿ ಸ್ಕ್ಯಾನ್ ಆಯಿತು. ರಿಪೋರ್ಟ್ ವಾಟ್ಸ್ಆ್ಯಪ್‌ನಲ್ಲಿ ಬಂತು: ಎಡಗಡೆ ‘ಕಾಮನ್ ಟ್ರಂಕ್’, ‘ಅನಾಟಮಿಕಲ್ ವೇರಿಯೇಷನ್’. ಮನೆಮಂದಿಯೆಲ್ಲ ಗಾಬರಿ. ಅವ್ವ ಫೋನಿನಲ್ಲಿ, “ಎಲ್ಲಾರಿಗೂ ನಾಲ್ಕ ಇರ್ತಾವಂತ, ನನಗ ಮೂರs ಅದಾವಂತ. ಇನ್ನೊಂದು ಎಲ್ಲಿ ಹೋತವಾ?” ಎಂದಳು.

ಎಲ್ಲಿಗೂ ಹೋಗಿರಲಿಲ್ಲ. ಅಭಿಧಮನಿ ಎಂದರೆ ಅಶುದ್ಧ ರಕ್ತ ಒಯ್ಯುವುದು ಎಂದು ಶಾಲೆಯಲ್ಲಿ ಉರು ಹೊಡೆದಿದ್ದೇವಲ್ಲ, ಅದಕ್ಕೆ ಅಪವಾದ ಇವು. ಶ್ವಾಸಕೋಶದಿಂದ ಆಮ್ಲಜನಕ ತುಂಬಿದ ರಕ್ತವನ್ನು ಹೃದಯದ ಎಡ ಮೇಲ್ಕೋಣೆಗೆ ತರುತ್ತವೆ. ಸಾಮಾನ್ಯವಾಗಿ ಬಲಕ್ಕೆರಡು, ಎಡಕ್ಕೆರಡು. ಭ್ರೂಣದಲ್ಲಿ ಮೊದಲು ಇರುವುದು ಒಂದೇ ನಾಳ. ಹೃದಯ ಬೆಳೆಯುತ್ತಾ ಅದನ್ನೂ ಅದರ ಕವಲುಗಳನ್ನೂ ತನ್ನ ಗೋಡೆಯೊಳಗೆ ಸೇರಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಸೇರಿಸಿಕೊಂಡಿತು ಎಂಬುದರ ಮೇಲೆ ಬಾಗಿಲುಗಳ ಲೆಕ್ಕ. ಸ್ವಲ್ಪ ಮೊದಲೇ ನಿಂತರೆ ಎಡಗಡೆಯ ಎರಡೂ ಕೂಡಿ ಒಂದೇ ಬಾಗಿಲು. ಮುಂದಕ್ಕೆ ಹೋದರೆ ಬಲಗಡೆ ಮೂರನೆಯದೂ ಬರಬಹುದು. ರಕ್ತ ಸೇರಬೇಕಾದ ಕಡೆಗೇ ಸೇರುತ್ತದೆ. ಇದು ಕಾಯಿಲೆಯಲ್ಲ.

ಹಾಗಾದರೆ ರಿಪೋರ್ಟಿನಲ್ಲಿ ಬರೆಯುವುದೇಕೆ? ನಮ್ಮ ಮನೆಯವರು ಇಲ್ಲಿನ ಎಂಐಡಿಸಿಯ ಕೆಮಿಕಲ್ ಪ್ಲಾಂಟಿನಲ್ಲಿದ್ದಾರೆ. ಅವರಿಗೆ ತಕ್ಷಣ ಹೊಳೆಯಿತು: “ಡ್ರಾಯಿಂಗ್‌ನಲ್ಲಿ ಒಂದು ಇರುತ್ತೆ, ನಿಜವಾಗಿ ಪೈಪ್ ಹಾಕಿರೋದೇ ಬೇರೆ ಇರುತ್ತೆ. ವೆಲ್ಡಿಂಗ್‌ಗೆ ಮುಂಚೆ ನೋಡ್ಕೋಬೇಕು.” ಅಷ್ಟೇ ವಿಷಯ. ತಾಳ ತಪ್ಪಿಸುವ ವಿದ್ಯುತ್ ಕಿಡಿಗಳು ಹೆಚ್ಚಾಗಿ ಈ ನಾಳಗಳ ಒಳಗಿಂದಲೇ ಹುಟ್ಟುತ್ತವೆ ಎಂದು ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಐಸಾಗೇರ್ ತಂಡ 1998ರಲ್ಲಿ 45 ರೋಗಿಗಳಲ್ಲಿ ತೋರಿಸಿತು. ಅಬ್ಲೇಷನ್‌ನಲ್ಲಿ ನಾಳದ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುತ್ತಾರೆ. ಬಾಯಿ ಎಷ್ಟು, ಎಲ್ಲಿ, ಎಷ್ಟಗಲ ಎಂದು ಮೊದಲೇ ತಿಳಿದಿರಬೇಕು. ನಾಳದೊಳಗೆ ಸುಟ್ಟರೆ ಅದು ಕಿರಿದಾಗುವ ಅಪಾಯವಿದೆ.

ಅವ್ವ ಈಗ ಆರಾಮ. ಆದರೆ ಅದೇ ರಾತ್ರಿ ಓದುವಾಗ ಎದುರಾದ ಇನ್ನೊಂದು ಸಂಗತಿಯನ್ನು ಈ ವೇದಿಕೆಯಲ್ಲಿ ಹೇಳಲೇಬೇಕು. ಕೆಲವು ಮಕ್ಕಳಲ್ಲಿ ಆ ಮೊದಲ ನಾಳ ಹೃದಯಕ್ಕೆ ಕೂಡಿಕೊಳ್ಳುವುದೇ ಇಲ್ಲ. ನಾಲ್ಕೂ ದಾರಿ ತಪ್ಪಿ ಬಲಭಾಗಕ್ಕೆ ಹೋಗುತ್ತವೆ. ಡಾಕ್ಟರುಗಳು ಟಿಎಪಿವಿಸಿ ಎನ್ನುತ್ತಾರೆ. ಇದು ವ್ಯತ್ಯಾಸವಲ್ಲ, ದೋಷ. ಮೇಲ್ಕೋಣೆಗಳ ನಡುವಿನ ರಂಧ್ರವೇ ಆ ಕೂಸಿನ ಜೀವ ಹಿಡಿದಿಟ್ಟಿರುತ್ತದೆ. ಶಸ್ತ್ರಚಿಕಿತ್ಸೆ ಬೇಕೇ ಬೇಕು. ಗರ್ಭಿಣಿಯ ಸ್ಕ್ಯಾನಿಂಗ್‌ನಲ್ಲಿ ಇದು ಎಷ್ಟೋ ಸಲ ತಪ್ಪಿಹೋಗುತ್ತದೆ. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣಬಹುದು. ಆಮೇಲೆ ಉಸಿರು ವೇಗ, ಹಾಲು ಕುಡಿಯುತ್ತಾ ಸುಸ್ತು, ಬೆವರು, ತುಟಿ ನೀಲಿ. “ಶೀತ ಆಗಿದೆ” ಎಂದು ಅಜ್ಜಿಯಂದಿರು ಎದೆಗೆ ಎಣ್ಣೆ ತಿಕ್ಕುವುದು ಇಂಥ ಹೊತ್ತಿನಲ್ಲೇ.

ಹುಟ್ಟಿ 24 ಗಂಟೆಯಾದ ಮೇಲೆ ಮಗುವಿನ ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್ ಹಚ್ಚುವ ಪರೀಕ್ಷೆಯಿದೆ. ಸೂಜಿಯಿಲ್ಲ, ಕೆಲವೇ ನಿಮಿಷ. 90ಕ್ಕಿಂತ ಕಡಿಮೆ ಬಂದರೆ ತಕ್ಷಣ ಎಕೋ ಮಾಡಿಸಬೇಕು. ಎಲ್ಲ ಕೇಸೂ ಇದರಲ್ಲಿ ಸಿಗುವುದಿಲ್ಲ, ಆದ್ದರಿಂದ ಮೇಲಿನ ಲಕ್ಷಣ ಕಂಡರೆ ನಂಬರ್ ಚೆನ್ನಾಗಿತ್ತು ಎಂದು ಸುಮ್ಮನಿರಬೇಡಿ. ಕೋವಿಡ್‌ನಲ್ಲಿ ಕೊಂಡ ಬೆರಳಿನ ಕ್ಲಿಪ್ ಹಸುಗೂಸಿಗೆ ನಡೆಯುವುದಿಲ್ಲ, ಆಸ್ಪತ್ರೆಯ ಶಿಶು ಸೆನ್ಸರೇ ಬೇಕು. ನಿಮ್ಮ ಮನೆಯಲ್ಲಿ ಹೆರಿಗೆಯಿದ್ದರೆ, ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮೊದಲು ಅದನ್ನು ಮಾಡಿದಿರಾ ಎಂದು ಕೇಳಿ.