ಹಾವು ಕಚ್ಚಿದ ರಾತ್ರಿಗೆ ಊರಿನ ಸಿದ್ಧತೆ



ಮೊಳಕಾಲ್ಮೂರಿನಲ್ಲಿ ವಿಪತ್ತೆಂದರೆ ಬರಗಾಲವೊಂದೇ ಎಂದು ಭಾವಿಸಿದ್ದೇವೆ. ಶೇಂಗಾ ಹೊಲದಲ್ಲಿ, ಬಂಡೆಗುಡ್ಡದ ಅಂಚಿನಲ್ಲಿ ಹಾವು ಕಚ್ಚಿದವರ ಮಾತೇನು? ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ರಾಜ್ಯ ಸರ್ಕಾರವು 2024ರಲ್ಲಿ ವಿಧಿಸಿತು. 108 ವಾಹನ 2008ರಿಂದಲೂ ಇದೆ; ಗುಡ್ಡದಾಚೆಯ ಹಟ್ಟಿಗೆ ಅದು ಬರುವುದು ತಡವಾದರೆ? ರಾತ್ರಿ ಯಾರ ವಾಹನ ಹೊರಡಬಲ್ಲದು, ಓಡಿಸುವವರು ಯಾರು, ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಬಿತ್ತನೆಗೆ ಮುನ್ನವೇ ವಿಚಾರಿಸಿ ಪಂಚಾಯಿತಿ ಗೋಡೆಯ ಮೇಲೆ ಬರೆಯಿರಿ.

ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ಅಲುಗಿಸದೆ ಕರೆದೊಯ್ಯಿರಿ. ಕಟ್ಟುಹಾವು ಕಚ್ಚಿದರೆ ನೋವೂ ಊತವೂ ಇಲ್ಲದಿರಬಹುದು. ಬೆಳಗಾಗಲೆಂದು ಕಾಯುವುದೇ ಅಪಾಯ. ಇಲಿ ತಿಂದು ಬೆಳೆ ಕಾಯುವ ಹಾವನ್ನು ಹುಡುಕಿ ಕೊಲ್ಲುತ್ತ ಹೊತ್ತು ಕಳೆಯಬೇಡಿ. ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ. ಸತ್ತ ಹಾವನ್ನು ವೈದ್ಯರಿಗೆ ತೋರಿಸಬೇಕಿಲ್ಲ.